ಸೋನಮ್ ಪೋಸ್ಟ್, ಫೆಬ್ರವರಿ 2016: ಒಂದು ಸಿಯಾಚಿನ್ ಪೋಸ್ಟಿಂಗಿನ ಪ್ರಕರಣ ಅಧ್ಯಯನ

ಸೇನೆಯಲ್ಲಿ ಅತಿ ಕಷ್ಟದ ಪೋಸ್ಟಿಂಗ್ ಯಾವುದು ಅಂತ ಮಾಜಿ ಸೈನಿಕರನ್ನು ಕೇಳಿದರೆ ಸಿಯಾಚಿನ್ ಹೆಸರು ಬಂದೇ ಬರುತ್ತದೆ. ಯಾಕೆ ಕಷ್ಟ ಅಂತ ನಮ್ಮಂಥವರನ್ನು ಕೇಳಿದರೆ ಚಳಿ ಅನ್ನುತ್ತೇವೆ. ಚಳಿ ಇದೆ, ಇಲ್ಲ ಅಂತಲ್ಲ. ಆದರೆ ಚಳಿಯೊಂದೇ ಸಮಸ್ಯೆಯಾಗಿದ್ದರೆ ಒಳ್ಳೆಯ ಜಾಕೆಟ್, ಒಳ್ಳೆಯ ಬೂಟು ಕೊಟ್ಟು ಮುಕ್ಕಾಲು ಪಾಲು ಬಗೆಹರಿಸಬಹುದಿತ್ತು. ಅಲ್ಲಿನ ನಿಜವಾದ ಕಷ್ಟ ಬೇರೆ. ತಾನು ಎಲ್ಲಿ ನಿಲ್ಲಬೇಕು ಅಂತ ಆರಿಸಿಕೊಳ್ಳುವ ಅವಕಾಶ ಅಲ್ಲಿ ಸೈನಿಕನಿಗಿಲ್ಲ, ಅವನ ಅಧಿಕಾರಿಗೂ ಜಾಸ್ತಿ ಇಲ್ಲ. ಎದುರಿನವರು ಎಲ್ಲಿದ್ದಾರೆ, ಯಾವ ಕಣಿವೆ ಮೇಲೆ ಕಣ್ಣಿಡಬೇಕು ಅನ್ನೋದರ ಮೇಲೆ ಪೋಸ್ಟಿನ, ಅಂದರೆ ಕಾವಲು ಠಾಣೆಯ, ಜಾಗ ತೀರ್ಮಾನವಾಗುತ್ತದೆ. ತಲೆಯ ಮೇಲೆ ಹಿಮದ ಗೋಡೆ ಇದೆಯೋ, ಕಾಲಡಿಯಲ್ಲಿ ಬಿರುಕು ಇದೆಯೋ ಅನ್ನೋದು ಆಮೇಲಿನ ಮಾತು.

2016ರ ಫೆಬ್ರವರಿಯಲ್ಲಿ ಸೋನಮ್ ಪೋಸ್ಟಿನಲ್ಲಿ ಆದದ್ದು ಇದನ್ನೇ ತೋರಿಸುತ್ತದೆ. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಒಂದು ಪೋಸ್ಟ್, ಅದರಲ್ಲಿ 10 ಮಂದಿ, ಅವರ ಮೇಲೆ ಬಿದ್ದ ಹಿಮ. ಕರ್ನಾಟಕದಲ್ಲಿ ಈ ಘಟನೆ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರಿನಿಂದ ನೆನಪಿದೆ. ಆರನೇ ದಿನ ಹಿಮದಡಿಯಿಂದ ಅವರು ಜೀವಂತ ಸಿಕ್ಕಿದ್ದರು, ಮೂರು ದಿನದ ನಂತರ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ಟಿವಿಯಲ್ಲಿ ಕೇಳಿಬಂದ ಒಂದೇ ಮಾತು ಪವಾಡ. ಪವಾಡ ಅಂದುಬಿಟ್ಟರೆ ಮುಂದೆ ಕೇಳಲು ಏನೂ ಉಳಿಯುವುದಿಲ್ಲ, ಅಲ್ವಾ? ಕೇಳಬೇಕಾದದ್ದು ಬಹಳ ಇದೆ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಹದಿಮೂರು ವರ್ಷದ ಸೇವೆ

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರು ಹನುಮಂತಪ್ಪ ಅವರ ಊರು. ಕಪ್ಪು ಮಣ್ಣಿನ ಸೀಮೆ, ಹತ್ತಿ ಮೆಣಸಿನಕಾಯಿ ಬೆಳೆಯುವ ಕಡೆ. ಬೇಸಿಗೆಯಲ್ಲಿ ನೆಲ ಬಿರಿಯುವಷ್ಟು ಬಿಸಿಲು. ಶಾಲೆಗೆ ದಿನಾ 6 ಕಿಲೋಮೀಟರ್ ನಡೆದು ಹೋಗುತ್ತಿದ್ದರು ಅಂತ ಸೇನೆ ಆಗ ಬಿಡುಗಡೆ ಮಾಡಿದ ಪರಿಚಯದಲ್ಲಿ ಇತ್ತು. 2002ರ ಅಕ್ಟೋಬರ್‌ನಲ್ಲಿ ಸೇನೆಗೆ ಸೇರಿದರು.

ಅಲ್ಲಿಂದ ಮುಂದಿನ ಸೇವಾ ವಿವರ ನೋಡಿದರೆ ಸಿಯಾಚಿನ್‌ಗೆ ಹೋಗುವ ಮೊದಲೇ ಅವರು ಎಷ್ಟು ಕಡೆ ಕಷ್ಟದ ಕೆಲಸ ಮಾಡಿದ್ದರು ಅಂತ ಗೊತ್ತಾಗುತ್ತದೆ. 2003ರಿಂದ 2006ರವರೆಗೆ ಜಮ್ಮುವಿನ ಮಾಹೋರ್‌ನಲ್ಲಿ ಭಯೋತ್ಪಾದನಾ ನಿಗ್ರಹ ಕಾರ್ಯಾಚರಣೆ. 2008ರಿಂದ 2010ರವರೆಗೆ ಮತ್ತೆ ಜಮ್ಮು ಕಾಶ್ಮೀರ, ಈ ಸಲ 54 ರಾಷ್ಟ್ರೀಯ ರೈಫಲ್ಸ್ ಜೊತೆ, ಅದೂ ತಾವಾಗಿ ಕೇಳಿಕೊಂಡು. ಅದು ಮುಗಿದ ಮೇಲೆ 2010ರಿಂದ 2012ರವರೆಗೆ ಈಶಾನ್ಯದಲ್ಲಿ ಎನ್‌ಡಿಎಫ್‌ಬಿ ಮತ್ತು ಉಲ್ಫಾ ಅನ್ನುವ ಉಗ್ರ ಸಂಘಟನೆಗಳ ವಿರುದ್ಧದ ಕಾರ್ಯಾಚರಣೆ, ಅದಕ್ಕೂ ತಾವೇ ಮುಂದೆ ಬಂದಿದ್ದರು. 2015ರ ಆಗಸ್ಟ್‌ನಿಂದ ಸಿಯಾಚಿನ್. ಡಿಸೆಂಬರ್‌ನಲ್ಲಿ ಇನ್ನೂ ಮೇಲಿನ ಪೋಸ್ಟಿಗೆ ಆಯ್ಕೆ. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಇಂಥ ಜಾಗಗಳಲ್ಲೇ ಕಳೆದಿತ್ತು.

ಸೇನೆಯವರ ಮಾತಿನಲ್ಲಿ ಪೋಸ್ಟಿಂಗ್ ಅಂದರೆ ಎರಡೇ ಬಗೆ, ಫೀಲ್ಡ್ ಮತ್ತು ಪೀಸ್. ಫೀಲ್ಡ್ ಅಂದರೆ ಗಡಿ, ಕಾರ್ಯಾಚರಣೆಯ ಜಾಗ; ಪೀಸ್ ಅಂದರೆ ಶಾಂತ ಜಾಗದ ನೆಲೆ. ಸಾಮಾನ್ಯವಾಗಿ ಫೀಲ್ಡ್ ಮುಗಿಸಿದವರು ಪೀಸ್ ಸ್ಟೇಷನ್ನಿಗೆ ಕಾಯುತ್ತಾರೆ. ಮನೆಯವರನ್ನು ಕರೆಸಿಕೊಳ್ಳಬಹುದು, ಮಕ್ಕಳನ್ನು ಶಾಲೆಗೆ ಸೇರಿಸಬಹುದು. ಹಾಗೆ ಕಾಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರತಿ ಪಲ್ಟನ್ನಿನಲ್ಲೂ ಕೆಲವರು ಇರುತ್ತಾರೆ, ಎಲ್ಲಿಗೆ ಕರೆದರೂ ಹೋಗುತ್ತೇನೆ ಅನ್ನುವವರು, ಮತ್ತು ಕಷ್ಟದ ಕೆಲಸ ಬಂದಾಗಲೆಲ್ಲ ಮೇಲಧಿಕಾರಿಗಳ ಕಣ್ಣು ಮೊದಲು ಹೋಗುವುದೂ ಅವರ ಕಡೆಗೇ, ಯಾಕೆಂದರೆ ಅವರು ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಧೈರ್ಯಕ್ಕೆ ಸಿಗುವ ಗೌರವ ಇದು, ಸರಿ. ಆದರೆ ಮುಂದೆ ಬರುವವರ ಹೆಗಲಿಗೇ ಮತ್ತೆ ಮತ್ತೆ ಭಾರ ಬೀಳುತ್ತದೆ ಅನ್ನುವುದೂ ನಿಜ. ಒಬ್ಬ ಜವಾನ ಒಟ್ಟು ಎಷ್ಟು ವರ್ಷ ಕಷ್ಟದ ಜಾಗದಲ್ಲಿ ಕಳೆದಿದ್ದಾನೆ, ಮುಂದಿನ ಸಲ ಅವನನ್ನೇ ಕಳಿಸಬೇಕಾ, ಅವನೇ ಕೇಳಿಕೊಂಡರೂ ಬೇಡ ಅನ್ನಬೇಕಾ? ಈ ಪ್ರಶ್ನೆಗೆ ಸುಲಭದ ಉತ್ತರ ಇಲ್ಲ. ಆದರೆ ಕೇಳದೇ ಬಿಡುವ ಪ್ರಶ್ನೆಯೂ ಅಲ್ಲ.

ಆ ಜಾಗ ಎಂಥದ್ದು

ಸಿಯಾಚಿನ್ ಸುಮಾರು 76 ಕಿಲೋಮೀಟರ್ ಉದ್ದದ ಹಿಮನದಿ. ಎನ್‌ಜೆ 9842 ಅನ್ನುವ ಬಿಂದುವಿನಿಂದ ಮುಂದೆ ಭಾರತ-ಪಾಕಿಸ್ತಾನದ ನಡುವಿನ ಗಡಿ ಹೇಗೆ ಹೋಗುತ್ತದೆ ಅಂತ 1949ರ ಒಪ್ಪಂದದಲ್ಲೂ 1972ರ ಒಪ್ಪಂದದಲ್ಲೂ ಯಾರೂ ನಕ್ಷೆಯ ಮೇಲೆ ಗೆರೆ ಎಳೆಯಲಿಲ್ಲ. ಅಲ್ಲಿಗೆ ಯಾರು ಹೋಗುತ್ತಾರೆ ಅಂತ ಆಗ ಅಂದುಕೊಂಡಿರಬೇಕು. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಮೂಲಕ ಭಾರತೀಯ ಸೇನೆ ಹಿಮನದಿಯ ಪಶ್ಚಿಮಕ್ಕಿರುವ ಸಾಲ್ತೊರೊ ಏಣಿನ ಕಣಿವೆ ದಾರಿಗಳನ್ನು ಹಿಡಿಯಿತು. ಅಂದಿನಿಂದ ನಮ್ಮವರು ಅಲ್ಲಿದ್ದಾರೆ. 2003ರ ನವೆಂಬರ್‌ನಲ್ಲಿ ಕದನ ವಿರಾಮ ಆಯಿತು. ಅಲ್ಲಿಂದ ಈಚೆಗೆ ಗುಂಡಿನ ಸದ್ದು ಹೆಚ್ಚೂ ಕಡಿಮೆ ನಿಂತಿದೆ. ಸಾವು ನಿಂತಿಲ್ಲ. 1984ರಿಂದ 2015ರ ಕೊನೆವರೆಗೆ ಅಲ್ಲಿ ತೀರಿಕೊಂಡ ಭಾರತೀಯ ಯೋಧರ ಸಂಖ್ಯೆ 800 ದಾಟಿತ್ತು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ, ಎತ್ತರ ಮತ್ತು ಹವೆ.

ಸೋನಮ್ ಪೋಸ್ಟ್ ಸುಮಾರು 19,600 ಅಡಿಯಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 6,330 ಅಡಿ. ಅಂಥ ಮೂರು ಬೆಟ್ಟ ಒಂದರ ಮೇಲೊಂದು ಇಟ್ಟರೂ ಸೋನಮ್ ಇನ್ನೂ ಮೇಲೆಯೇ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧಕ್ಕೂ ಕಡಿಮೆ. ನೀರು ಸುಮಾರು 80 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ಕುಕ್ಕರ್ ಇಲ್ಲದೆ ಅನ್ನ ಬೇಯುವುದಿಲ್ಲ. ಹಸಿವೇ ಆಗುವುದಿಲ್ಲ, ಆದರೂ ತಿನ್ನಬೇಕು. ನಿದ್ದೆ ಬಂದರೂ ಉಸಿರು ಕಟ್ಟಿದಂತಾಗಿ ಎಚ್ಚರವಾಗುತ್ತದೆ. ಬಂದೂಕಿನ ಲೋಹವನ್ನು ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ನಡೆಯುವಾಗ ಸಾಕ್ಸ್ ಬೆವರಿನಿಂದ ಒದ್ದೆಯಾದರೆ, ನಿಂತ ಕೂಡಲೇ ಆ ಬೆವರೇ ಮಂಜುಗಡ್ಡೆಯಾಗಿ ಬೆರಳು ಕೊಳೆಯುವುದಕ್ಕೆ ಶುರು. ಅದಕ್ಕೇ ಒಣ ಸಾಕ್ಸ್ ಅನ್ನೋದು ಅಲ್ಲಿ ಮದ್ದುಗುಂಡಿನಷ್ಟೇ ಬೆಲೆಯ ವಸ್ತು. ಟೆಂಟಿನೊಳಗೆ ಸೀಮೆಎಣ್ಣೆ ಒಲೆ ಉರಿಯುತ್ತಲೇ ಇರಬೇಕು, ಅದು ಆರಿದರೆ ಚಳಿ, ಉರಿದರೆ ಹೊಗೆ. ಮೂಗಿನಿಂದ, ಗಂಟಲಿನಿಂದ ಬರುವುದೆಲ್ಲ ಕಪ್ಪು.

ಇಂಥ ಕಡೆಗೆ ಯಾರನ್ನೂ ಒಮ್ಮೆಲೇ ಕಳಿಸಲು ಆಗುವುದಿಲ್ಲ. ಮೊದಲ ಹಂತ 9,000ದಿಂದ 12,000 ಅಡಿಯಲ್ಲಿ ಆರು ದಿನ, ಎರಡನೆಯದು 15,000 ಅಡಿಯವರೆಗೆ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು ದಿನ. ಹೀಗೆ ಮೈಯನ್ನು ಒಗ್ಗಿಸಬೇಕು. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಅಥವಾ ಮೆದುಳು ಊದಿಕೊಳ್ಳುತ್ತದೆ, ಎರಡರಲ್ಲೂ ರೋಗಿಯನ್ನು ತಕ್ಷಣ ಕೆಳಗಿಳಿಸದಿದ್ದರೆ ಉಳಿಯುವುದು ಕಷ್ಟ. ಇದರ ಜೊತೆಗೆ ಬೇಸ್ ಕ್ಯಾಂಪಿನ ಸಿಯಾಚಿನ್ ಬ್ಯಾಟಲ್ ಸ್ಕೂಲಿನಲ್ಲಿ ಹಿಮದ ಗೋಡೆ ಹತ್ತುವುದು, ಬಿರುಕಿಗೆ ಬಿದ್ದವರನ್ನು ಎತ್ತುವುದು, ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ಸಾಲಾಗಿ ನಡೆಯುವುದು, ಎಲ್ಲವನ್ನೂ ಕಲಿಸುತ್ತಾರೆ. ಆಮೇಲೆ ಪೋಸ್ಟಿಗೆ ಹತ್ತಿದರೆ ಸಾಮಾನ್ಯವಾಗಿ ಮೂರು ತಿಂಗಳು.

ಮೇಲಿನ ಪೋಸ್ಟುಗಳಿಗೆ ಸಾಮಾನು ಹೋಗುವುದು ಬಹುಪಾಲು ಹೆಲಿಕಾಪ್ಟರಿನಲ್ಲಿ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಚೀತಾ ಹೆಲಿಕಾಪ್ಟರ್ ದಶಕಗಳಿಂದ ಈ ಕೆಲಸ ಮಾಡುತ್ತಿದೆ. ಗಾಳಿ ತೆಳುವಾಗಿರುವುದರಿಂದ ಅದು ಅಷ್ಟು ಮೇಲೆ ಹೊರುವುದು ಬಹಳ ಸ್ವಲ್ಪ. ಹಗಲಿನ ಕೆಲವೇ ಗಂಟೆ, ಮೋಡ ಇಲ್ಲದಿದ್ದರೆ ಮಾತ್ರ. ಈ ಒಂದು ಮಿತಿ ನೆನಪಿರಲಿ, ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಫೆಬ್ರವರಿ 3

ಬುಧವಾರ ಬೆಳಗಿನ ಹೊತ್ತು. ಪೋಸ್ಟಿನ ಮೇಲ್ಗಡೆ ಇದ್ದ ದೊಡ್ಡ ಹಿಮದ ಗೋಡೆಯೊಂದು ಮುರಿದು ಬಿತ್ತು. ಹೊಸದಾಗಿ ಬಿದ್ದ ಸಡಿಲ ಹಿಮ ಜಾರುವುದು ಒಂದು ಬಗೆ, ಇದು ಅದಲ್ಲ. ವರ್ಷಗಟ್ಟಲೆ ಒತ್ತಿ ಒತ್ತಿ ಕಲ್ಲಿನಂತಾದ ನೀಲಿ ಮಂಜು, ದೊಡ್ಡ ದೊಡ್ಡ ಬಂಡೆಗಳಾಗಿ ಬಂತು. ಹತ್ತು ಜನರ ಟೆಂಟುಗಳು 25ರಿಂದ 30 ಅಡಿ ಕೆಳಗೆ ಹೋದವು.

ಈ ವ್ಯತ್ಯಾಸ ಸಣ್ಣದಲ್ಲ. ಹಿಮಪಾತದ ಮುನ್ಸೂಚನೆ ಕೊಡಲು ಡಿಆರ್‌ಡಿಒದ, ಅಂದರೆ ದೇಶದ ರಕ್ಷಣಾ ಸಂಶೋಧನಾ ಸಂಸ್ಥೆಯ, ಒಂದು ಪ್ರಯೋಗಾಲಯವೇ ಇದೆ. ಆಗ ಅದರ ಹೆಸರು ಸಾಸೆ, 2020ರಲ್ಲಿ ಇನ್ನೊಂದು ಪ್ರಯೋಗಾಲಯದ ಜೊತೆ ಸೇರಿಸಿ ಹೆಸರು ಬದಲಿಸಿದರು. ಹೊಸ ಹಿಮ ಎಷ್ಟು ಬಿತ್ತು, ಗಾಳಿ ಹೇಗಿದೆ, ಬಿಸಿಲು ಎಷ್ಟು, ಇಳಿಜಾರು ಎಷ್ಟು ಕಡಿದು, ಇವನ್ನೆಲ್ಲ ನೋಡಿ ಇಂಥ ಕಡೆ ಅಪಾಯ ಜಾಸ್ತಿ ಅಂತ ಹೇಳಬಹುದು. ಪೇಟ್ರೋಲ್ ಹೊರಡುವ ಮುನ್ನ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಇವತ್ತು ಬೇಡ, ನಾಳೆ ಹೋಗೋಣ ಅನ್ನಬಹುದು. ಆದರೆ ಹಿಮನದಿಯ ಗೋಡೆ ಯಾವ ದಿನ, ಯಾವ ಗಂಟೆಗೆ ಮುರಿಯುತ್ತದೆ ಅಂತ ಹೇಳುವುದು ಬೇರೆಯೇ ಲೆಕ್ಕ. ಪೋಸ್ಟನ್ನಂತೂ ನಾಳೆಗೆ ಮುಂದೂಡಲು ಬರುವುದಿಲ್ಲ. ಅದು ಅಲ್ಲೇ ಇರಬೇಕು.

ಆ ಹತ್ತು ಮಂದಿಯ ಹೆಸರನ್ನು ಸೇನೆಯೇ ಪ್ರಕಟಿಸಿತ್ತು. ಕರ್ನಾಟಕದವರು ಮೂವರು: ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಹನುಮಂತಪ್ಪ ಕೊಪ್ಪದ, ಎಚ್‌.ಡಿ. ಕೋಟೆಯ ಸಿಪಾಯಿ ಮಹೇಶ. ತಮಿಳುನಾಡಿನವರು ನಾಲ್ವರು: ಹವಾಲ್ದಾರ್ ಏಳುಮಲೈ, ಲ್ಯಾನ್ಸ್ ಹವಾಲ್ದಾರ್ ಕುಮಾರ್, ಸಿಪಾಯಿಗಳಾದ ಗಣೇಶನ್ ಮತ್ತು ರಾಮಮೂರ್ತಿ. ಕೇರಳದ ಕೊಲ್ಲಂನ ಲ್ಯಾನ್ಸ್ ನಾಯಕ್ ಸುಧೀಶ್. ಆಂಧ್ರದ ಕರ್ನೂಲಿನ ಸಿಪಾಯಿ ಮುಷ್ತಾಕ್ ಅಹ್ಮದ್. ಮಹಾರಾಷ್ಟ್ರದ ಸಾತಾರಾದ ನರ್ಸಿಂಗ್ ಅಸಿಸ್ಟೆಂಟ್ ಸೂರ್ಯವಂಶಿ. ಹಿಮ ಬೀಳದ ಸೀಮೆಗಳಿಂದ ಬಂದವರು ಇವರೆಲ್ಲ. ಸುಬೇದಾರ್ ನಾಗೇಶ ಆ ಪೋಸ್ಟಿನ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್), ಹತ್ತು ಜನರಲ್ಲಿ ಹಿರಿಯರು. ನಮ್ಮ ರಾಜ್ಯದಲ್ಲೇ ಹನುಮಂತಪ್ಪ ಅವರ ಹೆಸರು ಗೊತ್ತಿರುವಷ್ಟು ಜನರಿಗೆ ನಾಗೇಶ ಮತ್ತು ಮಹೇಶ ಅವರ ಹೆಸರು ಗೊತ್ತಿಲ್ಲ. ಅದು ನನಗೆ ಬೇಸರದ ವಿಷಯ, ಅದಕ್ಕೇ ಇಲ್ಲಿ ಎಲ್ಲರ ಹೆಸರನ್ನೂ ಬರೆದೆ.

ಅಗೆದವರು

ಹಿಮದಡಿ ಸಿಕ್ಕಿಕೊಂಡವರ ಬಗ್ಗೆ ವೈದ್ಯರ ಲೆಕ್ಕ ತುಂಬ ಕಠೋರವಾದದ್ದು. 15 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. 35 ನಿಮಿಷ ದಾಟಿದರೆ ಹತ್ತರಲ್ಲಿ ಮೂವರು. ಅದಕ್ಕೇ ಯುರೋಪಿನ ಪರ್ವತಗಳಲ್ಲಿ ಜೊತೆಗಿದ್ದವರೇ ತಕ್ಷಣ ಅಗೆಯಬೇಕು ಅಂತ ಕಲಿಸುತ್ತಾರೆ. ಇಲ್ಲಿ ಜೊತೆಗಿದ್ದ ಹತ್ತೂ ಜನ ಹಿಮದೊಳಗೇ ಇದ್ದರು. ಹೊರಗಿನಿಂದ ಯಾರೇ ಬರಬೇಕಾದರೂ ಪಕ್ಕದ ಪೋಸ್ಟಿನಿಂದ ಹಗ್ಗ ಕಟ್ಟಿಕೊಂಡು ಬಿರುಕುಗಳನ್ನು ದಾಟಿ ನಡೆಯಬೇಕು, ಇಲ್ಲವೇ ಹೆಲಿಕಾಪ್ಟರ್ ಹಾರುವ ಹವೆಗೆ ಕಾಯಬೇಕು.

ಮರುದಿನ, ಅಂದರೆ ಫೆಬ್ರವರಿ 4ಕ್ಕೆ, ಯಾರೂ ಬದುಕಿರುವ ಸಾಧ್ಯತೆ ತೀರಾ ಕಡಿಮೆ ಅಂತ ಸೇನೆ ಹೇಳಿತು. ಸಂತಾಪ ಸಂದೇಶಗಳು ಬಂದವು. ಪಾಕಿಸ್ತಾನದ ಸೇನೆಯಿಂದಲೂ ಸಹಾಯ ಬೇಕಾ ಅಂತ ಫೋನ್ ಬಂತು, ನಮ್ಮವರು ಬೇಡ ಅಂದರು. ಹೊರಗಿನ ಜಗತ್ತಿಗೆ ವಿಷಯ ಅಲ್ಲಿಗೇ ಮುಗಿದಿತ್ತು. ಮೇಲೆ ಮಾತ್ರ ಅಗೆಯುವುದು ನಿಲ್ಲಲಿಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

150ಕ್ಕೂ ಹೆಚ್ಚು ಮಂದಿ ಆ ಕೆಲಸದಲ್ಲಿದ್ದರು. ಲಡಾಖ್ ಸ್ಕೌಟ್ಸ್‌ನವರು, ಸಿಯಾಚಿನ್ ಬ್ಯಾಟಲ್ ಸ್ಕೂಲಿನ ಪರಿಣಿತರು, ವೈದ್ಯರು, ಡಾಟ್ ಮತ್ತು ಮಿಶಾ ಅನ್ನುವ ಹುಡುಕುವ ನಾಯಿಗಳು. ಮಂಜು ಕೊರೆಯುವ ಯಂತ್ರ, ಬಂಡೆ ಕೊರೆಯುವ ಡ್ರಿಲ್, ವಿದ್ಯುತ್ ಗರಗಸ, ನೆಲದೊಳಗೆ ಏನಿದೆ ಅಂತ ನೋಡುವ ರಾಡಾರ್, ಮೈಬಿಸಿ ಪತ್ತೆಹಚ್ಚುವ ಉಪಕರಣ, ಎಲ್ಲವನ್ನೂ ಮೇಲೆ ಸಾಗಿಸಬೇಕಿತ್ತು. ಒಂದು ಸಲಕ್ಕೆ ಎಷ್ಟು ಸ್ವಲ್ಪ ಹೋಗುತ್ತದೆ ಅಂತ ಆಗಲೇ ಹೇಳಿದೆ. ಅಗೆಯಲು ಇನ್ನೊಬ್ಬ ಹೋಗಬೇಕಾ, ಒಂದು ಯಂತ್ರ ಹೋಗಬೇಕಾ, ಇಲ್ಲ ಅಗೆಯುವವರಿಗೆ ಸೀಮೆಎಣ್ಣೆ ಹೋಗಬೇಕಾ ಅನ್ನೋದೂ ಪ್ರತಿ ಸಲ ಒಂದು ತೀರ್ಮಾನ.

ಮತ್ತೆ ಅಗೆಯುವುದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಆ ಎತ್ತರದಲ್ಲಿ ಹತ್ತು ಹೆಜ್ಜೆ ನಡೆದರೆ ನಿಂತು ಉಸಿರು ತೆಗೆದುಕೊಳ್ಳಬೇಕು. ಅಂಥ ಕಡೆ ಮಂಜಿನ ಬಂಡೆಯನ್ನು ಗರಗಸದಿಂದ ತುಂಡು ಮಾಡಿ, ತುಂಡನ್ನು ಎತ್ತಿ ಪಕ್ಕಕ್ಕೆ ಹಾಕಬೇಕು. ಕೆಲಸ ಮಾಡಿದರೆ ಬೆವರು ಬರುತ್ತದೆ, ನಿಂತರೆ ಆ ಬೆವರು ಹೆಪ್ಪುಗಟ್ಟುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪ ಹೊತ್ತಿಗೆ ಒಬ್ಬರು ಇಳಿದು ಇನ್ನೊಬ್ಬರು ಬರಬೇಕು. ಹಗಲು ಸೊನ್ನೆಗಿಂತ 25 ಡಿಗ್ರಿ ಕೆಳಗೆ, ರಾತ್ರಿ ಅದರ ದುಪ್ಪಟ್ಟಿನ ಹತ್ತಿರ. ಇಷ್ಟೆಲ್ಲ ಮಾಡುವಾಗ ತಲೆಯ ಮೇಲೆ ಅದೇ ಹಿಮದ ಇಳಿಜಾರು ಇದೆ, ಇನ್ನೊಂದು ತುಂಡು ಬಿದ್ದರೆ ಅಗೆಯುವವರೂ ಒಳಗೆ. ಬದುಕಿದ್ದಾರೆ ಅಂತ ಯಾರೂ ನಂಬದ ಹತ್ತು ಜನರಿಗಾಗಿ ಇವರು ಇದನ್ನು ಆರು ದಿನ ಮಾಡಿದರು. ಒಂದು ಪೋಸ್ಟಿಂಗಿನ ಕಷ್ಟ ಅಳೆಯಬೇಕಾದರೆ ಹಿಮದಡಿ ಇದ್ದವರ ಜೊತೆ ಇವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಫೆಬ್ರವರಿ 8, ಸೋಮವಾರ ಸಂಜೆ ಹೊತ್ತಿಗೆ ಟೆಂಟು ಇದ್ದ ಜಾಗಕ್ಕೆ ತಲುಪಿದರು. ಅಲ್ಲಿ ಹನುಮಂತಪ್ಪ ಇದ್ದರು, ಉಸಿರಾಡುತ್ತಿದ್ದರು. ಟೆಂಟ್ ಪೂರ್ತಿ ಅಪ್ಪಚ್ಚಿಯಾಗದೆ ಸ್ವಲ್ಪ ಗಾಳಿ ಒಳಗೆ ಉಳಿದಿತ್ತು. ಬಟ್ಟೆ ಹಾಸಿಗೆ ಮೈಗೆ ಸುತ್ತಿಕೊಂಡಿದ್ದವು, ಮೇಲಿನ ಹಿಮ ಗಾಳಿಯ ಚಳಿಯನ್ನು ತಡೆದಿತ್ತು. ಮೈ ತಣ್ಣಗಾಗುತ್ತಾ ಹೋದಂತೆ ದೇಹಕ್ಕೆ ಬೇಕಾಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಇವೆಲ್ಲ ಕೂಡಿ ಬಂದದ್ದರಿಂದ ಅವರು ಉಳಿದಿರಬೇಕು. ಯೋಗ, ಪ್ರಾಣಾಯಾಮ ಮಾಡುವ ಅಭ್ಯಾಸ ಇತ್ತು ಅಂತಲೂ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಗಟ್ಟಿಮುಟ್ಟಾದ ದೇಹ ಇದ್ದದ್ದಂತೂ ಅವರ ಸೇವಾ ವಿವರದಿಂದಲೇ ಗೊತ್ತಾಗುತ್ತದೆ. ಆದರೆ ನಾಲ್ಕನೇ ದಿನಕ್ಕೆ ಅಗೆಯುವುದು ನಿಲ್ಲಿಸಿದ್ದರೆ ಯಾವ ಗಾಳಿ, ಯಾವ ಯೋಗವೂ ಅವರನ್ನು ಹೊರಗೆ ತರುತ್ತಿರಲಿಲ್ಲ.

ಆಸ್ಪತ್ರೆ

ರಾತ್ರಿ ಹೆಲಿಕಾಪ್ಟರ್ ಇಳಿಯುವಂತಿಲ್ಲ. ಸ್ಥಳದಲ್ಲಿದ್ದ ವೈದ್ಯರು ಬೆಚ್ಚಗಿನ ದ್ರವವನ್ನು ನರಕ್ಕೆ ಕೊಟ್ಟು, ಬೆಚ್ಚಗಿನ ತೇವದ ಆಮ್ಲಜನಕ ಕೊಟ್ಟು, ಮೈಯನ್ನು ನಿಧಾನಕ್ಕೆ ಬಿಸಿ ಮಾಡುತ್ತಾ ಬೆಳಗಿನವರೆಗೆ ಕಾದರು. 9ರ ಬೆಳಿಗ್ಗೆ ಹಿಮನದಿಯಿಂದ ಕೆಳಕ್ಕೆ, ಅಲ್ಲಿಂದ ಥೋಯಿಸ್ ವಾಯುನೆಲೆ, ಅಲ್ಲಿಂದ ವಾಯುಪಡೆಯ ವಿಮಾನದಲ್ಲಿ ದೆಹಲಿಯ ಆರ್ಮಿ ರಿಸರ್ಚ್ ಅಂಡ್ ರೆಫರಲ್ ಆಸ್ಪತ್ರೆ. ಪ್ರಧಾನಿ ನರೇಂದ್ರ ಮೋದಿ ಅದೇ ದಿನ ಆಸ್ಪತ್ರೆಗೆ ಹೋಗಿ ನೋಡಿದರು.

ಆ ದಿನದ ವೈದ್ಯಕೀಯ ಪ್ರಕಟಣೆಯನ್ನು ಈಗ ಓದಿದರೂ ಎದೆ ಭಾರವಾಗುತ್ತದೆ. ಪ್ರಜ್ಞೆ ಇಲ್ಲ. ದೇಹದಲ್ಲಿ ನೀರಿನಂಶ ಬತ್ತಿದೆ. ಮೈ ಬಿಸಿ ಇಲ್ಲ, ಆಮ್ಲಜನಕ ಸಾಲದು, ರಕ್ತದ ಸಕ್ಕರೆ ಕುಸಿದಿದೆ, ರಕ್ತದೊತ್ತಡ ತೀರಾ ಕಡಿಮೆ. ನ್ಯುಮೋನಿಯಾ ಇದೆ, ಲಿವರ್ ಮತ್ತು ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಆಶ್ಚರ್ಯ ಅಂದರೆ ಮೂಳೆ ಮುರಿದಿರಲಿಲ್ಲ, ಚಳಿಗೆ ಬೆರಳು ಕೊಳೆತಿರಲಿಲ್ಲ. ಮುಂದಿನ 24ರಿಂದ 48 ಗಂಟೆ ಬಹಳ ಕಷ್ಟದ್ದು ಅಂತ ವೈದ್ಯರು ಮೊದಲೇ ಹೇಳಿದ್ದರು. ಕಾರಣ ಏನೆಂದರೆ, ದಿನಗಟ್ಟಲೆ ತಣ್ಣಗಿದ್ದ ಭಾಗಗಳಿಗೆ ರಕ್ತ ಮತ್ತೆ ಹರಿಯಲು ಶುರುವಾದಾಗ ಅಲ್ಲಿ ನಿಂತಿದ್ದ ಕೆಟ್ಟ ಅಂಶಗಳೆಲ್ಲ ಒಮ್ಮೆಲೇ ಹೃದಯಕ್ಕೆ, ಕಿಡ್ನಿಗೆ ಬರುತ್ತವೆ. ಮೈ ಬಿಸಿಯಾಗಲೇಬೇಕು, ಬಿಸಿಯಾಗುವುದೇ ಅಪಾಯ.

ಆಗ ದೇಶದ ಎಲ್ಲ ಕಡೆ ಪೂಜೆ, ಪ್ರಾರ್ಥನೆ ನಡೆದವು. ಕಿಡ್ನಿ ಕೊಡುತ್ತೇವೆ ಅಂತ ಕೆಲವರು ಮುಂದೆ ಬಂದರು. ಫೆಬ್ರವರಿ 11, ಗುರುವಾರ ಬೆಳಿಗ್ಗೆ 11.45ಕ್ಕೆ ಹನುಮಂತಪ್ಪ ಕೊನೆಯುಸಿರೆಳೆದರು. 33 ವರ್ಷ. ಮರುದಿನ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಬಂದು ದರ್ಶನ ಪಡೆದರು, ಬೆಟದೂರಿನಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ಆಯಿತು. ಅವರಿಗೆ ಮರಣೋತ್ತರ ಸೇನಾ ಪದಕ ಬಂತು. ಉಳಿದ ಒಂಬತ್ತು ಮಂದಿಯ ದೇಹಗಳು ಸಿಕ್ಕಿದ್ದವು, ಆದರೆ ಹವೆ ಕೆಟ್ಟು ಅವನ್ನು ಕೆಳಗೆ ತರಲು ಇನ್ನೂ ಕೆಲವು ದಿನ ಹಿಡಿಯಿತು. ಒಂಬತ್ತು ಮನೆಯವರು ಅಷ್ಟು ದಿನ ಕಾದರು.

ಏನು ಬದಲಾಗಬಹುದಿತ್ತು

ಈ ಘಟನೆ ಆದ ಕೂಡಲೇ ಸಿಯಾಚಿನ್ ಬಿಟ್ಟು ಬರಬಾರದಾ ಅನ್ನುವ ಚರ್ಚೆ ಎದ್ದಿತು. 2012ರ ಏಪ್ರಿಲ್ 7ರಂದು ಆ ಕಡೆ ಗಯಾರಿಯಲ್ಲಿ ಪಾಕಿಸ್ತಾನದ ಬೆಟಾಲಿಯನ್ ಕೇಂದ್ರದ ಮೇಲೆ ಹಿಮ ಬಿದ್ದು 140 ಮಂದಿ ಸತ್ತಾಗಲೂ ಇದೇ ಚರ್ಚೆ ಆಗಿತ್ತು. ಗಯಾರಿ ಸೋನಮ್‌ಗಿಂತ ಎಷ್ಟೋ ಕೆಳಗಿನ ಜಾಗ, ಅಲ್ಲಿಗೆ ರಸ್ತೆ ಇತ್ತು, ದೊಡ್ಡ ಯಂತ್ರಗಳು ಹೋದವು, ಆದರೂ ಒಬ್ಬರೂ ಉಳಿಯಲಿಲ್ಲ, ದೇಹಗಳನ್ನು ತೆಗೆಯಲು ತಿಂಗಳುಗಟ್ಟಲೆ ಬೇಕಾಯಿತು. ಎರಡೂ ಕಡೆಯವರು ಈಗ ನಿಂತಿರುವ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿ ಒಪ್ಪಿಕೊಳ್ಳದೆ ಇಳಿಯುವುದಿಲ್ಲ ಅನ್ನೋದು ಭಾರತದ ನಿಲುವು, ಅದಕ್ಕೆ ಪಾಕಿಸ್ತಾನ ಒಪ್ಪಿಲ್ಲ. ಇಳಿದ ಮೇಲೆ ಅವರು ಹತ್ತಿಬಿಟ್ಟರೆ ಮತ್ತೆ ಹತ್ತುವುದಕ್ಕೆ ಎಷ್ಟು ಜೀವ ಬೇಕಾಗುತ್ತದೆ ಅಂತ ಸೇನೆಗೆ ಚೆನ್ನಾಗಿ ಗೊತ್ತು. 1987ರಲ್ಲಿ 21,000 ಅಡಿ ಮೇಲಿದ್ದ ಒಂದು ಪೋಸ್ಟನ್ನು ಕಿತ್ತುಕೊಳ್ಳಲು ನಾಯಬ್ ಸುಬೇದಾರ್ ಬಾನಾ ಸಿಂಗ್ ಮತ್ತು ಜೊತೆಗಾರರು ಪಟ್ಟ ಪಾಡು ದಾಖಲೆಯಲ್ಲಿದೆ, ಆ ಪೋಸ್ಟಿಗೆ ಈಗ ಅವರದೇ ಹೆಸರು. ಹಾಗಾಗಿ ಇಳಿಯುವ ಮಾತು ರಾಜಕೀಯದ ಮಾತು, ಒಬ್ಬ ಬೆಟಾಲಿಯನ್ ಕಮಾಂಡರ್ ಬಗೆಹರಿಸುವಂಥದ್ದಲ್ಲ.

ಅಲ್ಲಿರಲೇಬೇಕು ಅಂದಮೇಲೆ ಹೇಗಿರಬೇಕು ಅನ್ನೋದರ ಬಗ್ಗೆ ಮಾತಾಡಲು ಬಹಳ ಇದೆ. ನನ್ನ ಅಭಿಪ್ರಾಯದಲ್ಲಿ ಮೊದಲನೆಯದು, ಪ್ರತಿ ಪೋಸ್ಟಿನ ಮೇಲ್ಗಡೆ ಇರುವ ಹಿಮದ ಗೋಡೆಗಳನ್ನು ಉಪಗ್ರಹದಿಂದ, ಡ್ರೋನಿನಿಂದ, ರಾಡಾರಿನಿಂದ ನಿರಂತರ ನೋಡುತ್ತಿರುವುದು. ಗಂಟೆ ಹೇಳಲು ಆಗದಿದ್ದರೂ ಬಿರುಕು ಅಗಲವಾಗುತ್ತಿದೆ, ಗೋಡೆ ಸರಿಯುತ್ತಿದೆ ಅಂತ ಗೊತ್ತಾದರೆ ಪೋಸ್ಟನ್ನು ನೂರಿನ್ನೂರು ಮೀಟರ್ ಆಚೆ ಒಯ್ಯಬಹುದಾ ಅಂತ ಯೋಚಿಸಲು ಸಮಯ ಸಿಗುತ್ತದೆ. ಹತ್ತು ಜನರೂ ಒಂದೇ ಇಳಿಜಾರಿನ ಕೆಳಗೆ ಮಲಗಬೇಕಾ ಅನ್ನೋದು ಎರಡನೆಯದು. ಇಬ್ಬರು ಬೇರೆ ಕಡೆ ಇದ್ದಿದ್ದರೂ ಮೊದಲ ಅರ್ಧ ಗಂಟೆಯಲ್ಲಿ ಅಗೆಯಲು ಯಾರೋ ಇರುತ್ತಿದ್ದರು. ಜಾಗ ಇಕ್ಕಟ್ಟಾದ ಏಣಿನ ಮೇಲೆ ಇದು ಹೇಳಿದಷ್ಟು ಸುಲಭ ಅಲ್ಲ ಅಂತ ಗೊತ್ತು, ಆದರೂ ಪ್ರತಿ ಪೋಸ್ಟಿಗೂ ಕೇಳಬೇಕಾದ ಪ್ರಶ್ನೆ. ಇನ್ನು ಕೊರೆಯುವ ಯಂತ್ರ, ಗರಗಸ, ರಾಡಾರ್ ಇವೆಲ್ಲ ಘಟನೆ ಆದ ಮೇಲೆ ಕೆಳಗಿನಿಂದ ಹೊರಟರೆ ದಿನಗಳೇ ಕಳೆಯುತ್ತವೆ. ಎಲ್ಲ ಪೋಸ್ಟಿನಲ್ಲೂ ಇಡಲು ಆಗದಿದ್ದರೆ ನಾಲ್ಕೈದು ಪೋಸ್ಟಿಗೆ ಒಂದು ಕಡೆಯಾದರೂ ಮೇಲೆಯೇ ಇರಬೇಕು.

ಸಾಮಾನಿನ ವಿಷಯದಲ್ಲಿ ಇನ್ನೊಂದು ಮಾತು. 2020ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ (ಸರ್ಕಾರದ ಲೆಕ್ಕಪರಿಶೋಧಕರು) ವರದಿ, ಅತಿ ಎತ್ತರದಲ್ಲಿರುವ ಸೈನಿಕರಿಗೆ ಹಿಮದ ಕನ್ನಡಕ, ಬೂಟುಗಳಂಥ ವಸ್ತುಗಳ ಕೊರತೆ ಇತ್ತು ಅಂತ ಹೇಳಿತು. ಅದು ನೋಡಿದ ಅವಧಿಯಲ್ಲಿ 2015–16 ಕೂಡ ಸೇರಿದೆ, ಅಂದರೆ ಹನುಮಂತಪ್ಪ ಅವರು ಮೇಲೆ ಇದ್ದ ಕಾಲ. ಸೋನಮ್‌ನಲ್ಲಿ ಬೂಟು ಇಲ್ಲದ್ದರಿಂದ ಯಾರೂ ಸತ್ತಿಲ್ಲ, ಆ ಸಂಬಂಧ ಕಟ್ಟುವುದು ತಪ್ಪು. ಆದರೆ ಮೂರು ತಿಂಗಳು ಕಪ್ಪು ಹೊಗೆ ಕುಡಿದು ಕಾವಲು ಕಾಯುವವನಿಗೆ ಕನ್ನಡಕ, ಬೂಟು ಸರಿಯಾಗಿ ಸಿಗಬೇಕು ಅನ್ನುವುದಕ್ಕೆ ಯಾವ ಚರ್ಚೆಯೂ ಬೇಕಿಲ್ಲ. ಭತ್ಯೆಯ ವಿಷಯದಲ್ಲಿ ಮಾತ್ರ ಒಳ್ಳೆಯ ಬದಲಾವಣೆ ಆಯಿತು, 2017ರಲ್ಲಿ ಜವಾನರ ಸಿಯಾಚಿನ್ ಭತ್ಯೆ ತಿಂಗಳಿಗೆ 14,000 ರೂಪಾಯಿಯಿಂದ 30,000 ರೂಪಾಯಿಗೆ ಏರಿತು. ಊಟದ ಕಡೆ ನೋಡಿದರೆ ನಮ್ಮ ಮೈಸೂರಿನಲ್ಲಿ ಡಿಎಫ್‌ಆರ್‌ಎಲ್ ಅನ್ನುವ ಹೆಸರಿದ್ದ ರಕ್ಷಣಾ ಆಹಾರ ಪ್ರಯೋಗಾಲಯ ಬಹಳ ವರ್ಷ ಸೈನಿಕರಿಗಾಗಿ ಕೆಡದ ಚಪಾತಿ, ಬಿಸಿ ಮಾಡಿ ತಿನ್ನುವ ಸಿದ್ಧ ಊಟಗಳನ್ನು ತಯಾರಿಸಿತ್ತು. ಹಸಿವಿಲ್ಲದ ಕಡೆ ತಿನ್ನಬೇಕೆನಿಸುವ ಊಟ ಮಾಡುವುದು ಸಣ್ಣ ವಿಜ್ಞಾನ ಅಲ್ಲ.

ಸೋನಮ್ ಘಟನೆಯ ನಂತರವೂ ಹಿಮ ಬೀಳುವುದು ನಿಂತಿಲ್ಲ. 2019ರ ನವೆಂಬರ್‌ನಲ್ಲಿ ಸುಮಾರು 19,000 ಅಡಿಯಲ್ಲಿ ಎಂಟು ಜನರ ಒಂದು ತಂಡ ಹಿಮಪಾತಕ್ಕೆ ಸಿಕ್ಕಿತು. ಈ ಸಲ ರಕ್ಷಣಾ ತಂಡ ಬೇಗ ತಲುಪಿ ಎಂಟೂ ಮಂದಿಯನ್ನು ಹೊರತೆಗೆಯಿತು, ಆದರೂ ನಾಲ್ವರು ಸೈನಿಕರು ಮತ್ತು ಇಬ್ಬರು ಪೋರ್ಟರುಗಳು ಮೈ ತಣ್ಣಗಾಗಿ ತೀರಿಕೊಂಡರು. ಪೋರ್ಟರುಗಳು ಅಂದರೆ ಸಮವಸ್ತ್ರ ಇಲ್ಲದೆ ಅದೇ ಹಗ್ಗದಲ್ಲಿ ನಡೆಯುವ ನಾಗರಿಕ ಕೂಲಿಗಳು, ಹೆಚ್ಚಿನವರು ಲಡಾಖಿನ ಹಳ್ಳಿಯವರು. ಸೀಮೆಎಣ್ಣೆ ಕ್ಯಾನ್, ರೇಷನ್, ಗಾಯಾಳು, ಎಲ್ಲವನ್ನೂ ಹೊರುವವರು ಅವರು. ಸಿಯಾಚಿನ್‌ನ ಕಷ್ಟದ ಲೆಕ್ಕ ಬರೆಯುವಾಗ ಅವರ ಹೆಸರೂ ಸೈನಿಕರ ಹೆಸರಿನ ಪಕ್ಕದಲ್ಲೇ ಬರಬೇಕು, ವಿಮೆ ಮತ್ತು ಪರಿಹಾರದ ಕಾಗದದಲ್ಲೂ ಸಹ.